ಗಾಡಿ ಮುಗಿಸುವ ಅರ್ಧ ಗಂಟೆ

ಲಾಂಡ್ರಿಯಲ್ಲಿ ಅವಳನ್ನು ಅಂಚಕ್ಕ ಎನ್ನದವರಿಲ್ಲ. ನಿನ್ನೆ ಮೊನ್ನೆ ಸೇರಿದವರಿಂದ ಹಿಡಿದು ಸಂಬಳದ ಚೀಟಿ ಹಂಚುವ ಗುಮಾಸ್ತನವರೆಗೆ ಎಲ್ಲರ ಬಾಯಲ್ಲೂ ಅದೇ. ಬೆಡ್‌ಶೀಟ್ ಮಡಚುವ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ, ಅಷ್ಟು ವರ್ಷವೂ ದಿನಕ್ಕೆ ನೂರು ಸಲ ಅವಳು ಹೇಳಿದ್ದು ಒಂದೇ ಮಾತು: "ಅಂಚಿಗೆ ಅಂಚು ಕೂರಬೇಕು ಕಣ್ರೇ, ಅಂಚಿಗೆ ಅಂಚು." ಕೂರದಿದ್ದರೆ ಮುಖ ಮೋರೆ ನೋಡದೆ ಬಿಚ್ಚಿಸಿ ಮತ್ತೆ ಮಡಚಿಸುತ್ತಿದ್ದಳು. ಆಸ್ಪತ್ರೆಯ ಹಸಿರು ಪಟ್ಟಿಯ ಶೀಟಾಗಲಿ, ಹೋಟೆಲಿನ ಅಚ್ಚಬಿಳಿಯ ಶೀಟಾಗಲಿ, ಅವಳ ಕೈಯಿಂದ ಹೊರಬಿದ್ದ ಕಟ್ಟು ಹೊಸ ಪುಸ್ತಕದ ಹಾಗಿರುತ್ತಿತ್ತು.

ಈ ಹುಚ್ಚು ಲಾಂಡ್ರಿಯ ಬಾಗಿಲಿಗೇ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಟವೆಲು, ಕೈವಸ್ತ್ರ ಬಿಡಿ, ಓದಿ ಮುಗಿಸಿದ ಪೇಪರು, ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಚೀಲ, ಎಲ್ಲಕ್ಕೂ ಅದೇ ಗತಿ. ಅವಳ ಗಂಡ ಬಸ್ ಓಡಿಸಿ ನಿವೃತ್ತನಾದವನು, ಬಾಯಿ ಸುಮ್ಮನಿರುವ ಪೈಕಿ ಅಲ್ಲ. "ನಾನು ರಾತ್ರಿ ಕಾಲು ಚಾಚಿ ಮಲಗೋಕೇ ಹೆದರ್ತೀನಿ," ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ. "ನಿದ್ದೆಗಣ್ಣಲ್ಲಿ ನನ್ನನ್ನೂ ನಾಲ್ಕು ಮಡಿಕೆ ಮಾಡಿ ಬೀರುವಲ್ಲಿ ಇಟ್ಟುಬಿಟ್ರೆ?"

ಲಾಂಡ್ರಿ ಎಂದರೆ ತಗಡಿನ ಚಾವಣಿಯ ಒಂದು ಉದ್ದನೆಯ ಶೆಡ್ಡು. ಒಂದು ತುದಿಯಲ್ಲಿ ಒಗೆಯುವ ಯಂತ್ರಗಳು ಗುಡುಗುಡು ಎನ್ನುತ್ತಿದ್ದವು. ನಡುವೆ ರೋಲರ್. ಹಸಿ ಶೀಟು ಅದರ ಒಂದು ಬಾಯಿಂದ ಒಳಗೆ ಹೋದರೆ ಇನ್ನೊಂದು ಬಾಯಿಂದ ಕೈ ಸುಡುವಷ್ಟು ಬಿಸಿಯಾಗಿ, ಗರಿಗರಿಯಾಗಿ ಹೊರಬಂದು ಚಕ್ರದ ಗಾಡಿಯೊಳಗೆ ಬೀಳುತ್ತಿತ್ತು. ಆ ಗಾಡಿಯ ಪಕ್ಕದಲ್ಲಿ ಅಂಚಕ್ಕನ ರಾಜ್ಯ. ದೊಡ್ಡ ಶೀಟು ಮಡಚುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಇಬ್ಬರು ಎದುರುಬದುರು ನಿಲ್ಲಬೇಕು, ಎರಡೆರಡು ಮೂಲೆ ಹಿಡಿದು ಒಂದು ಸಲ ಜಾಡಿಸಬೇಕು, ಮಡಚಬೇಕು, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದು ಅಂಚು ಸೇರಿಸಬೇಕು. ದಿನಕ್ಕೆ ಮುನ್ನೂರು ನಾನೂರು ಸಲ ಹಾಗೆ ಹೋಗುವುದು, ಬರುವುದು. ಲಾಂಡ್ರಿಯವರು ಗಂಡಹೆಂಡಿರಿಗಿಂತ ಹೆಚ್ಚು ಸಲ ಎದುರಾಗುವುದು ತಮ್ಮ ಶೀಟಿನ ಜೊತೆಗಾತಿಗೆ.

ಅಂಚಕ್ಕನ ಜೊತೆಗಾತಿಗೆ ಎಲ್ಲರೂ ಇಟ್ಟ ಹೆಸರು ಏಣಿ. ಮೂವತ್ತನಾಲ್ಕು ವರ್ಷದ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರದ ಹೆಂಗಸು. ಅಂಚಕ್ಕನೋ ಅವಳ ಎದೆಮಟ್ಟಕ್ಕೂ ಬರುವವಳಲ್ಲ. ಮೊದಲ ದಿನ ಇಬ್ಬರೂ ಶೀಟು ಹಿಡಿದು ನಿಂತಾಗ ಅದು ಜಾರುಬಂಡಿಯ ಹಾಗೆ ಇಳಿಜಾರಾಗಿ ನಿಂತು, ಶೆಡ್ಡಿನವರೆಲ್ಲ ಬಿದ್ದೂ ಬಿದ್ದೂ ನಕ್ಕಿದ್ದರು. ಅಂಚಕ್ಕ ನಗಲಿಲ್ಲ. ಸೋಪಿನ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತು, "ಈಗ ಜಾಡಿಸು ನೋಡೋಣ," ಎಂದಳು. ಅಂದಿನಿಂದ ಒಂಬತ್ತು ವರ್ಷ ಅವರದು ಒಂದೇ ಜೋಡಿ. ಏಣಿ ಅವಳಿಗೆ ಒಡಹುಟ್ಟದ ತಂಗಿ. ತಲೆನೋವು ಬಂದರೆ ಮಾತ್ರೆ ಕೊಡುವವಳು, ಟೀ ಹೊತ್ತಿಗೆ ತನ್ನ ಬಿಸ್ಕತ್ತಿನಲ್ಲಿ ಅರ್ಧ ಮುರಿದುಕೊಡುವವಳು, ಬೈಸಿಕೊಂಡೂ ನಗುವವಳು.

ಈಗ ಆ ಅರ್ಧ ಗಂಟೆಯ ವಿಷಯಕ್ಕೆ ಬರಬೇಕು. ಲಾಂಡ್ರಿಯಲ್ಲಿ ಗಂಟೆ ಲೆಕ್ಕದ ಕೂಲಿ. ಗೇಟಿನ ಪಕ್ಕದ ಯಂತ್ರದಲ್ಲಿ ಬೆಳಗ್ಗೆ ಎಂಟಕ್ಕೆ ಕಾರ್ಡ್ ಒತ್ತಿದರೆ ಕೂಲಿ ಶುರು, ಸಂಜೆ ಐದಕ್ಕೆ ಒತ್ತಿದರೆ ಅಲ್ಲಿಗೆ ಮುಗಿಯಿತು. ಆದರೆ ರೋಲರ್ ಕೂಡ ಐದರವರೆಗೆ ಓಡುತ್ತಿತ್ತು. ಐದಕ್ಕೆ ಸೈರನ್ ಕೂಗಿದಾಗ ಗಾಡಿಯಲ್ಲಿ ಎಂಬತ್ತೋ ನೂರೋ ಬಿಸಿ ಶೀಟು ಮಡಚದೆ ಉಳಿದೇ ಇರುತ್ತಿದ್ದವು. ಬಿಸಿ ಆರುವುದರೊಳಗೆ ಮಡಚದಿದ್ದರೆ ಸುಕ್ಕು ಕೂತುಬಿಡುತ್ತದೆ. ಮತ್ತೆ ನೆನೆಸಿ ಮತ್ತೆ ರೋಲರಿಗೆ ಕೊಡಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅಂಚಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಕಾರ್ಡ್ ಒತ್ತಿ ಗೇಟಿನವರೆಗೆ ಹೋದವಳು ಹಾಲು ಒಲೆ ಮೇಲೆ ಬಿಟ್ಟು ಬಂದವಳ ಹಾಗೆ ಚಡಪಡಿಸಿ, ತಿರುಗಿ ಬಂದು, ಆಗಿನ ಜೊತೆಗಾತಿಯನ್ನು ಕರೆದು ಗಾಡಿ ಮುಗಿಸಿಯೇ ಮನೆಗೆ ಹೋದಳು. ಮರುದಿನವೂ ಅದೇ. ನೋಡನೋಡುತ್ತ ಅದೇ ಪದ್ಧತಿಯಾಯಿತು. ಐದಕ್ಕೆ ಎಲ್ಲರೂ ಸಾಲಾಗಿ ಕಾರ್ಡ್ ಒತ್ತುವುದು, ಸಾಲಾಗಿ ವಾಪಸು ಬಂದು ಗಾಡಿ ಮುಗಿಸುವುದು. ಯಾಕೆ ಹೀಗೆ ಎಂದು ಯಾರೂ ಕೇಳಲಿಲ್ಲ. ಅಂಚಕ್ಕನಂತೂ ಹೊಸಬರಿಗೆ ಹೆಮ್ಮೆಯಿಂದಲೇ ಹೇಳುತ್ತಿದ್ದಳು, "ಈ ಪದ್ಧತಿ ತಂದವಳು ನಾನು."

ಸೂಪರ್‌ವೈಸರ್ ಬೆಣ್ಣೆಯಂಥ ಮಾತಿನ ಮನುಷ್ಯ. ಒಮ್ಮೆಯೂ ದನಿ ಏರಿಸಿದವನಲ್ಲ, ಒಮ್ಮೆಯೂ ಇರಿ ಎಂದು ಹೇಳಿದವನೂ ಅಲ್ಲ. ಸಂಜೆ ಐದೂಕಾಲಿಗೆ ಗಾಡಿಯ ಹತ್ತಿರ ಬಂದು ನಿಂತು, "ನಮ್ಮ ಅಂಚಕ್ಕ ಇದ್ದ ಮೇಲೆ ನನಗೇನು ಚಿಂತೆ? ಇದು ಇವರ ಮನೆ ಇದ್ದ ಹಾಗೆ," ಎನ್ನುತ್ತಿದ್ದ, ಅಷ್ಟೇ. ಅಂಚಕ್ಕ ಉಬ್ಬಿಹೋಗುತ್ತಿದ್ದಳು. ಕಚೇರಿಯ ಗೋಡೆಯ ಮೇಲೆ ಅವಳ ಫೋಟೋ ಹಾಕಿಸಿದ್ದ. ಅವಳನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದ. ಅಟ್ಟ ಹತ್ತಿ ಕೂತವಳಿಗೆ ಕೆಳಗಿನವರ ತಲೆ ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ.

ಗಂಡ ಮಾತ್ರ ಬಿಡುತ್ತಿರಲಿಲ್ಲ. "ಬಸ್ಸು ಡಿಪೋಗೆ ತಂದು ನಿಲ್ಲಿಸಿದ ಮೇಲೆ ಒಳಗೆಲ್ಲ ಗುಡಿಸ್ತಿದ್ವಿ. ಆ ಹತ್ತು ನಿಮಿಷಾನೂ ನಾವು ಡ್ಯೂಟಿ ಅಂತ ಬರೆಸ್ತಿದ್ವಿ ಕಣೇ. ನೀನೊಬ್ಬಳು ಧರ್ಮಕ್ಕೆ ದುಡಿಯೋಳು."

"ನಿಮ್ಮದೇನ್ರೀ, ಸ್ಟೀರಿಂಗ್ ಬಿಟ್ರೆ ಆಯ್ತು. ನನ್ನ ಕೆಲಸಕ್ಕೆ ಮನಸ್ಸು ಬೇಕು."

"ಮನಸ್ಸಿಗೆ ಗಂಟೆ ಲೆಕ್ಕ ಇಲ್ವೋ?"

"ಇಲ್ಲ!" ಎಂದು ಅವಳು ಅವನ ಕೈಯಲ್ಲಿದ್ದ ಪೇಪರು ಕಿತ್ತು ಮಡಚಿಡುತ್ತಿದ್ದಳು. ಅವನಿನ್ನೂ ಅದನ್ನು ಓದಿಯೇ ಇರುತ್ತಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಐದಕ್ಕೆ ಸೈರನ್ ಕೂಗಿತು. ಎಲ್ಲರೂ ಕಾರ್ಡ್ ಒತ್ತಿದರು, ಎಲ್ಲರೂ ತಿರುಗಿ ಬಂದರು. ಏಣಿ ಬರಲಿಲ್ಲ. ಗೇಟು ದಾಟಿ ಉದ್ದುದ್ದ ಹೆಜ್ಜೆ ಹಾಕುತ್ತ ಬಸ್ ನಿಲ್ದಾಣದ ಕಡೆ ಹೊರಟೇಹೋದಳು. ಮಂಗಳವಾರವೂ ಹಾಗೇ. ಬುಧವಾರ ಬೆಳಗ್ಗೆ ಸೂಪರ್‌ವೈಸರ್ ಅವಳ ಕೈಗೊಂದು ಪತ್ರ ಕೊಟ್ಟ: ಕೈ ನಿಧಾನ, ದಿನದ ಕೆಲಸ ದಿನದೊಳಗೆ ಮುಗಿಸುವುದಿಲ್ಲ, ಇನ್ನೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯಲಾಗುವುದು.

ಅಂಚಕ್ಕ ಅವಳ ಮೇಲೆಯೇ ಮುನಿಸಿಕೊಂಡಳು. ಮುಖ ಊದಿಸಿಕೊಂಡು, ಇಡೀ ದಿನ "ಹಿಡಿ", "ಬಿಡು" ಎರಡೇ ಮಾತಿನಲ್ಲಿ ಕೆಲಸ ಮುಗಿಸಿದಳು. ಸಂಜೆ ಏಣಿ ಮತ್ತೆ ಹೊರಟುಹೋದಾಗ ಹಲ್ಲು ಕಚ್ಚಿ, "ಹೋಗ್ಲಿ, ನನಗೆ ಎರಡು ಕೈ ಇಲ್ವಾ?" ಎಂದು ಒಬ್ಬಳೇ ಮಡಚಲು ನಿಂತಳು. ಒಂದು ಮೂಲೆಯನ್ನು ಗದ್ದದ ಕೆಳಗೆ ಸಿಕ್ಕಿಸಿದಳು, ಇನ್ನೊಂದನ್ನು ಮೊಣಕಾಲ ಸಂದಿಯಲ್ಲಿ ಹಿಡಿದಳು, ಶೀಟನ್ನು ಗೋಡೆಗೆ ಒತ್ತಿ ನೋಡಿದಳು. ಪೆಟ್ಟಿಗೆಯ ಮೇಲೆ ನಿಂತವಳ ತಲೆಯ ಮೇಲೇ ಶೀಟು ಕುಸಿದು ಬಿತ್ತು, ಅವಳು ಅದರೊಳಗೆ ಸಿಕ್ಕಿಕೊಂಡು ಒದ್ದಾಡಿದಳು. ಯಾರೋ ಬಂದು ಶೀಟು ಎತ್ತಿದರು. ನೋಡಿದರೆ ಒಗೆಯುವ ಯಂತ್ರದ ಹೆಂಗಸು, ಎಲ್ಲರೂ ಸೋಪಮ್ಮ ಎನ್ನುವವಳು. ಸೊಂಟ ನೋವಿಗೆ ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಬರುವವಳು. ಏನೂ ಹೇಳದೆ ಏಣಿಯ ಜಾಗದಲ್ಲಿ ನಿಂತು ಎರಡು ಮೂಲೆ ಹಿಡಿದಳು.

"ನಿನಗೆ ಸೊಂಟ ನೋವಲ್ವೇ? ಮನೆಗೆ ಹೋಗಬಾರದಾ?" ಎಂದಳು ಅಂಚಕ್ಕ.

"ನೀವು ನಿಂತಿದ್ದೀರಲ್ಲ ಅಕ್ಕ. ನೀವು ನಿಂತಿರುವಾಗ ನಾವು ಹೆಂಗೆ ಹೋಗೋದು?"

ಸೋಪಮ್ಮ ಅದನ್ನು ದೂರಿನ ಹಾಗೆ ಹೇಳಲಿಲ್ಲ. ಬಸ್ಸು ತಡವಾಯಿತು ಎನ್ನುವ ಹಾಗೆ ಹೇಳಿದಳು. ಅಂಚಕ್ಕ ಶೀಟಿನ ಅಂಚು ಬಿಟ್ಟು ಕಣ್ಣೆತ್ತಿ ಸುತ್ತ ನೋಡಿದಳು. ಒಬ್ಬಳು ಗಡಿಯಾರ ನೋಡುತ್ತಿದ್ದಳು. ಇನ್ನೊಬ್ಬಳು ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, "ಬಂದೆ ಕಂದಾ, ಇನ್ನೇನು ಬಂದೇಬಿಟ್ಟೆ," ಎನ್ನುತ್ತ ಮಡಚುತ್ತಿದ್ದಳು. ಯಾರೊಬ್ಬರ ಮುಖದಲ್ಲೂ ಇದು ತಮ್ಮ ಮನೆ ಎಂಬ ಭಾವ ಇರಲಿಲ್ಲ. ಪಾಪದ ಹೆಂಗಸು, ಇಪ್ಪತ್ತೆರಡು ವರ್ಷ ಅಂಚು ನೋಡುವುದರಲ್ಲೇ ಮುಳುಗಿದ್ದಳು, ಅಂಚಿನಾಚೆಯ ಮುಖ ನೋಡಿರಲಿಲ್ಲ.

ಮರುದಿನ ಟೀ ಹೊತ್ತಿನಲ್ಲಿ ಏಣಿಯನ್ನು ಮೆಟ್ಟಿಲ ಮೇಲೆ ಕೂರಿಸಿ ಬಾಯಿ ಬಿಡಿಸಿದಳು. ಏಣಿ ಜೇಬಿನಿಂದ ಒಂದು ಹಾಜರಿ ಕಾರ್ಡು ತೆಗೆದು ತೋರಿಸಿದಳು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಿದ್ದ ಅವಳು ಒಂದು ವರ್ಷದಿಂದ ಸಂಜೆ ಶಾಲೆಗೆ ಹೋಗುತ್ತಿದ್ದಳಂತೆ. ಐದೂ ಹತ್ತರ ಬಸ್ಸು ಸಿಕ್ಕಿದರೆ ಐದೂಮುಕ್ಕಾಲಿಗೆ ಮೊದಲ ತರಗತಿ, ಗಣಿತ. ಗಾಡಿ ಮುಗಿಸಿ ಹೋದರೆ ಅದು ತಪ್ಪಿದ ಹಾಗೆಯೇ. ಕಾರ್ಡಿನಲ್ಲಿ ಗಣಿತದ ಸಾಲಿನಲ್ಲಿ ಕೆಂಪು ಗುರುತೇ ಗುರುತು. ಇನ್ನು ಎರಡು ಸಲ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಮಾಸ್ತರು ಹೇಳಿದ್ದರು.

"ನನಗೆ ಯಾಕೆ ಹೇಳಲಿಲ್ಲ, ಮೂದೇವಿ?" ಎಂದಳು ಅಂಚಕ್ಕ.

"ಏನಂತ ಹೇಳ್ಲಿ ಅಕ್ಕ? ಆ ಕಡೆ ಹಿಡಿದು ನಿಂತಿರೋರು ನೀವು. ನಾನು ಬಿಟ್ಟು ಹೋದ್ರೆ ನಿಮ್ಮ ಕೈಲಿ ಶೀಟು ನೆಲಕ್ಕೆ ಬೀಳಲ್ವಾ? ಒಂದು ವರ್ಷ ಅದನ್ನೇ ಯೋಚನೆ ಮಾಡಿದೆ." ಆಮೇಲೆ ಮೆಲ್ಲಗೆ ಸೇರಿಸಿದಳು, "ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಿದ್ದೀನಿ. ನಾಳೆ ವಿಚಾರಣೆಗೆ ಬರ್ತಾರಂತೆ. ಕೆಲಸ ಹೋದ್ರೆ ಶಾಲೆಯ ಫೀಸೂ ಹೋಯ್ತು, ಶಾಲೆ ಬಿಟ್ರೆ ಇನ್ನು ಈ ಜನ್ಮದಲ್ಲಿ ಓದಲ್ಲ. ಎರಡೂ ಉಳೀಬೇಕು ಅಕ್ಕ."

ಅಂದೇ ಮಧ್ಯಾಹ್ನ ಸೂಪರ್‌ವೈಸರ್ ಅಂಚಕ್ಕನನ್ನು ಕಚೇರಿಗೆ ಕರೆದು ಕುರ್ಚಿ ಎಳೆದು ಕೊಟ್ಟ. "ನಾಳೆ ನಿಮ್ಮನ್ನೂ ಕೇಳ್ತಾರೆ ಅಕ್ಕ. ನೀವೇನೂ ಸುಳ್ಳು ಹೇಳಬೇಕಿಲ್ಲ. ಐದರ ಮೇಲೆ ಇರೋದು ನಿಮ್ಮ ಇಷ್ಟದಿಂದ ಅಲ್ವಾ? ಅದನ್ನೇ ಹೇಳಿ. ಜೊತೆಗೆ ಆ ಹುಡುಗಿ ಕೈ ಸ್ವಲ್ಪ ನಿಧಾನ ಅಂತ. ಮುಗೀತು." ಗೋಡೆಯ ಮೇಲಿಂದ ಅಂಚಕ್ಕನ ಫೋಟೋ ನಗುತ್ತಿತ್ತು. ಅಂಚಕ್ಕ ಗೋಣು ಆಡಿಸಿದಳು. ಹೌದು ಎಂದೋ ಅಲ್ಲ ಎಂದೋ ಅವಳಿಗೇ ತಿಳಿಯಲಿಲ್ಲ.

ಆ ಸಂಜೆ ಗಂಡ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಅವಳು ಎಲ್ಲವನ್ನೂ ಹೇಳಿ, "ಇಷ್ಟದಿಂದ ಇದ್ದದ್ದು ನಿಜ ಅಲ್ವೇನ್ರೀ?" ಎಂದಳು.

"ನಿಜ. ನಿನ್ನಷ್ಟು ಇಷ್ಟಪಟ್ಟು ಕೆಲಸ ಮಾಡೋರನ್ನ ನಾನು ನೋಡಿಲ್ಲ." ಈ ಸಲ ಅವನು ತಮಾಷೆ ಮಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಸಂಕಟವಾಯಿತು.

ಶುಕ್ರವಾರ ನಾಲ್ಕೂವರೆಗೆ ಇಲಾಖೆಯ ಅಧಿಕಾರಿ ಬಂದಳು. ನಡುವಯಸ್ಸಿನ ಹೆಂಗಸು, ಕನ್ನಡಕ ತಲೆಯ ಮೇಲಿಟ್ಟುಕೊಂಡು ಚೀಲದಲ್ಲೆಲ್ಲ ಹುಡುಕಾಡುವವಳು. ಕಚೇರಿಯ ಮೇಜಿನ ಒಂದು ಕಡೆ ಸೂಪರ್‌ವೈಸರ್, ಇನ್ನೊಂದು ಕಡೆ ಏಣಿ, ನಡುವೆ ಅಂಚಕ್ಕ. ಬಾಗಿಲಲ್ಲಿ ಸೋಪಮ್ಮ ಮತ್ತು ಉಳಿದವರು ಇಣುಕುತ್ತಿದ್ದರು.

"ಮೇಡಂ, ನಮ್ಮಲ್ಲಿ ಎಲ್ಲಾ ಕೆಲಸ ಐದಕ್ಕೆ ಮುಗಿಯೋ ಥರಾನೇ ಇದೆ," ಎಂದ ಸೂಪರ್‌ವೈಸರ್. "ಉಳಿದ್ರೆ ಅದು ಇಂಥ ನಿಧಾನದ ಕೈಯಿಂದ. ಆಮೇಲೆ ಇರೋರು ಪ್ರೀತಿಯಿಂದ ಇರ್ತಾರೆ. ನಾನು ಯಾರನ್ನೂ ತಡೆದಿಲ್ಲ. ಬೇಕಾದ್ರೆ ಅಂಚಕ್ಕನ್ನ ಕೇಳಿ."

ಅಧಿಕಾರಿ ಕೇಳಿದಳು. "ಈಕೆ ಕೈ ನಿಧಾನವೇ?"

ಅಂಚಕ್ಕ ಈ ಪ್ರಶ್ನೆಗೆ ಕೆರಳಿದಳು. ಕೆಲಸದ ವಿಷಯಕ್ಕೆ ಬಂದರೆ ಅವಳು ಯಾರ ಮಾತನ್ನೂ ಹೊಟ್ಟೆಗೆ ಹಾಕಿಕೊಳ್ಳುವವಳಲ್ಲ. "ಏನ್ ಮೇಡಂ ಹೀಗೆ ಕೇಳ್ತೀರಾ? ಒಂದು ಶೀಟಿಗೆ ಆ ಕಡೆ ಒಂದು ವೇಗ, ಈ ಕಡೆ ಒಂದು ವೇಗ ಇರೋಕಾಗುತ್ತಾ? ಅವಳು ನಿಧಾನ ಅಂದ್ರೆ ನಾನೂ ನಿಧಾನ. ಮೊದಲು ನನ್ನ ಫೋಟೋ ಇಳಿಸಿ, ಆಮೇಲೆ ಅವಳಿಗೆ ಪತ್ರ ಕೊಡಲಿ!"

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿ ನಗು ತಡೆದುಕೊಂಡು, "ಹಾಗಾದರೆ ಐದಕ್ಕೆ ಶೀಟು ಉಳಿಯೋದು ಯಾಕೆ?" ಎಂದಳು.

"ರೋಲರ್ ಐದರವರೆಗೆ ಓಡಿದ್ರೆ ಉಳಿಯದೆ ಇನ್ನೇನಾಗುತ್ತೆ? ಅದು ಉಗುಳ್ತಾನೇ ಇರುತ್ತೆ. ನಾಲ್ಕೂವರೆಗೆ ನಿಲ್ಲಿಸಿದ್ರೆ ಐದರೊಳಗೆ ನಾವು ಒಂದೂ ಬಿಡದೆ ಮಡಚಿ ಮುಗಿಸ್ತೀವಿ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಇಷ್ಟು ಸಣ್ಣ ವಿಷಯ ಇಪ್ಪತ್ತೆರಡು ವರ್ಷದಲ್ಲಿ ತನಗೇ ಯಾಕೆ ಹೊಳೆಯಲಿಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಸೂಪರ್‌ವೈಸರನ ಮುಖ ಬಾಡಿದರೂ ಮಾತು ಬಾಡಲಿಲ್ಲ. "ಇರಲಿ ಅಕ್ಕ, ನಿಧಾನದ ಮಾತು ಬಿಡೋಣ. ಆದ್ರೆ ನೀವು ಇಷ್ಟದಿಂದ ಇದ್ದದ್ದು ಹೌದೋ ಅಲ್ಲವೋ? ನಿಮ್ಮ ಬಾಯಿಂದಲೇ ಹೇಳಿ."

ಅಂಚಕ್ಕ ತನ್ನ ಅಂಗೈ ನೋಡಿಕೊಂಡಳು. ಬಿಸಿ ಬಟ್ಟೆ ಹಿಡಿದು ಹಿಡಿದು ನುಣ್ಣಗಾಗಿದ್ದ ಅಂಗೈ. "ಹೌದು," ಎಂದಳು. "ಇಷ್ಟದಿಂದಲೇ ಇದ್ದೆ. ಅದನ್ನ ಇಲ್ಲ ಅನ್ನೋಕೆ ನನ್ನ ಕೈಲಾಗಲ್ಲ." ಏಣಿ ತಲೆ ತಗ್ಗಿಸಿದಳು. ಅಂಚಕ್ಕ ಗಡಿಬಿಡಿಯಿಂದ ಸೇರಿಸಿದಳು, "ಮೇಡಂ, ಹಾಗಾಗಿ ನನ್ನ ಅರ್ಧ ಗಂಟೆ ಬಿಟ್ಟುಬಿಡಿ, ಅದು ನಾನು ಕೊಟ್ಟದ್ದು. ಅವಳದ್ದು, ಸೋಪಮ್ಮಂದು, ಉಳಿದವರದ್ದೆಲ್ಲ ಕೆಲಸ ಅಂತ ಬರ್ಕೊಳ್ಳಿ."

ಅಧಿಕಾರಿ ಪೆನ್ನು ಕೆಳಗಿಟ್ಟಳು. "ಹಾಗೆ ಬರೆಯೋಕೆ ಬರಲ್ಲ ಅಕ್ಕ. ನೀವೇ ಈಗ ಹೇಳಿದ್ರಿ, ಒಂದು ಶೀಟಿಗೆ ಎರಡು ವೇಗ ಇರಲ್ಲ ಅಂತ. ಅದೇ ಶೀಟು, ಅದೇ ಹೊತ್ತು. ಈ ತುದಿ ಇಷ್ಟ, ಆ ತುದಿ ಕೆಲಸ ಅಂತ ಹೇಗೆ ಬರೀಲಿ? ನಿಮ್ಮದು ಇಷ್ಟ ಅಂತ ಬರೆದ್ರೆ, ಎಲ್ಲರದ್ದೂ ಇಷ್ಟವೇ ಅಂತ ಇವರು ನಾಳೆ ವಾದ ಮಾಡ್ತಾರೆ. ಈಕೆ ಇಷ್ಟ ಇಲ್ಲದವಳು, ಶ್ರದ್ಧೆ ಇಲ್ಲದವಳು ಆಗ್ತಾಳೆ. ಪತ್ರ ಹಾಗೇ ಉಳಿಯುತ್ತೆ. ನೀವೇ ಯೋಚನೆ ಮಾಡಿ. ನನಗೇನೂ ಅವಸರ ಇಲ್ಲ."

ಅಂಚಕ್ಕ ಯೋಚಿಸಿದಳು. ಇಪ್ಪತ್ತೆರಡು ವರ್ಷದ ಸಂಜೆಗಳು, ಮಳೆಯವು, ಚಳಿಯವು, ಮಗಳ ಹುಟ್ಟುಹಬ್ಬಕ್ಕೆ ತಡವಾಗಿ ಹೋದದ್ದು, ಜ್ವರದಲ್ಲೂ ಗಾಡಿ ಮುಗಿಸಿ ಹೋದದ್ದು. ಅದೆಲ್ಲ ತಾನು ಕೈಯೆತ್ತಿ ಕೊಟ್ಟದ್ದು ಎಂದುಕೊಂಡು ಬದುಕಿದವಳು ಅವಳು. ಕೊಟ್ಟವಳು ಎಂಬುದೊಂದೇ ಅವಳ ಬಳಿಯಿದ್ದ ದೊಡ್ಡಸ್ತಿಕೆ. ಈಗ ಅದನ್ನು ಬಿಟ್ಟರೆ ಅವಳು ಬರೀ ತನ್ನ ಹೊತ್ತನ್ನು ಕಳೆದುಕೊಂಡ ಹೆಂಗಸು. ಏಣಿಯ ಕಡೆ ತಿರುಗಿದಳು. ಅಷ್ಟೆತ್ತರದ ಹೆಂಗಸು ಕುರ್ಚಿಯಲ್ಲಿ ಮುದುಡಿ, ಹಾಜರಿ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ಅಕ್ಕ, ನಿಮಗೆ ಕಷ್ಟ ಆಗೋದಾದ್ರೆ ಬೇಡ," ಎಂದಳು ಏಣಿ. ಅವಳು ಅದನ್ನು ಮನಸಾರೆ ಹೇಳಿದ್ದಳು. ಅಂಚಕ್ಕನಿಗೆ ಅಳು ಬಂತು.

"ಸುಮ್ನಿರೇ," ಎಂದು ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. "ಬರ್ಕೊಳ್ಳಿ ಮೇಡಂ. ಅದು ಕೆಲಸ. ನಂದೂ ಕೆಲಸ. ಕಾರ್ಡ್ ಒತ್ತಿದ ಮೇಲೆ ಮಾಡಿದ್ದೆಲ್ಲ ಕೆಲಸ."

ಅಧಿಕಾರಿ ನಿಧಾನವಾಗಿ ಬರೆದಳು, ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಸೂಪರ್‌ವೈಸರ್ ಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿ ತನ್ನ ಸಾಲಿನಲ್ಲಿ ಬರೆದ. ರೋಲರಿನ ಹೊತ್ತು ಸೋಮವಾರದಿಂದ ಬದಲಾಗಬೇಕು ಎಂಬುದರ ಕೆಳಗೂ ಸಹಿ ಹಾಕಿದ. ಬಾಗಿಲಲ್ಲಿ ಸೋಪಮ್ಮ ಸೊಂಟ ಹಿಡಿದುಕೊಂಡೇ ಚಪ್ಪಾಳೆ ತಟ್ಟಿದಳು. ಹೊರಗೆ ಐದರ ಸೈರನ್ ಕೂಗಿತು. "ಏನೇ ನೋಡ್ತಾ ಕೂತಿದ್ದೀಯ, ಬಸ್ಸು ನಿನಗೋಸ್ಕರ ಕಾಯುತ್ತಾ?" ಎಂದು ಅಂಚಕ್ಕ ಗದರಿದ ಮೇಲೆ ಏಣಿ ಎದ್ದು, ಬಗ್ಗಿ ಅವಳನ್ನು ಒಮ್ಮೆ ಬಿಗಿಯಾಗಿ ಅಪ್ಪಿಕೊಂಡು, ಗೇಟಿನ ಕಡೆ ಓಡಿದಳು.

ಅಂಚಕ್ಕನ ಸಹಿಯೊಂದೇ ಬಾಕಿ ಇತ್ತು. ಅವಳು ಪೆನ್ನು ಹಿಡಿದು, ಅಧಿಕಾರಿಯ ಮುಖ ನೋಡಿದಳು. "ಮೇಡಂ, ಪ್ರೀತಿನೂ ಇತ್ತು. ಅದನ್ನೂ ಒಂದು ಮಾತು ಸೇರಿಸೋಕಾಗುತ್ತಾ?"

ಅಧಿಕಾರಿ ಕಾಗದವನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದಳು. "ಇದರಲ್ಲಿ ಅದಕ್ಕೆ ಜಾಗ ಇಲ್ಲ ಅಕ್ಕ."

"ಹಾಗಾದ್ರೆ ಬಿಡಿ," ಎಂದಳು ಅಂಚಕ್ಕ. "ಅದನ್ನ ನಾನೇ ಇಟ್ಕೋತೀನಿ." ಸಹಿ ಹಾಕಿದಳು.